ತಪ್ಪು ಯಾರದೆಂದು ಕೇಳದ ಪರಿಹಾರ: ಅರ್ಹತೆ ಯಾರಿಗೆ, ಎಷ್ಟರ ಮಟ್ಟಿಗೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಕೋಲಾರದ ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದಲ್ಲಿ ಕೆಲಸದಲ್ಲಿರುವ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬರೋಣವೆಂದು ಯಜಮಾನರೂ ನಾನೂ ಹೋಗಿದ್ದಾಗ, ಒಂದು ಬೆಳಿಗ್ಗೆ ಹಿತ್ತಿಲ ಕಡೆಯ ಮರದ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡೆ. ಊರಿಗೆ ಮರಳಿದ ಮೇಲೆ ಆ ವಿಷಯ ವಿಚಾರಿಸಿದ ನೆಂಟರು, ಹಳೆಯ ಸಹೋದ್ಯೋಗಿಗಳು ಬಹುಮಟ್ಟಿಗೆ ಒಂದೇ ಮಾತು ಹೇಳಿದರು: “ಅಲ್ಲಿ ಬಿಡಿ, ಎಲ್ಲ ಸರ್ಕಾರವೇ ನೋಡಿಕೊಳ್ಳುತ್ತೆ, ಒಂದು ಪೈಸೆ ಖರ್ಚಿಲ್ಲ.” ಈ ಮಾತನ್ನೇ ನಂಬಿ ಪ್ರಯಾಣ ವಿಮೆ ಮಾಡಿಸದೆ ಅಲ್ಲಿಗೆ ಹೊರಟು ನಿಂತಿದ್ದ ವಯಸ್ಸಾದ ದಂಪತಿಯೊಬ್ಬರನ್ನು ಕಳೆದ ತಿಂಗಳು ಕಂಡ ಮೇಲೆ, ಈ ಪತ್ರ ಬರೆಯಲೇಬೇಕು ಎನಿಸಿತು. ಇನ್ನೊಂದು ಕಾರಣವೂ ಇದೆ. ಅದು ನಮ್ಮ ಜಿಲ್ಲೆಯದೇ, ಮುಂದೆ ಹೇಳುತ್ತೇನೆ.

ಬಿದ್ದ ದಿನ ಮಗ ನನ್ನನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದ. ಊದಿಕೊಂಡ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದ ನನ್ನನ್ನು ನೋವಿಗಿಂತ ಹೆಚ್ಚಾಗಿ ಕಾಡುತ್ತಿದ್ದುದು ಬೇರೆಯೇ ಚಿಂತೆ. ಮನೆ ಬಾಡಿಗೆಯದು, ಮೆಟ್ಟಿಲು ಮಾಲೀಕರದು, ಒದ್ದೆ ಚಪ್ಪಲಿಯಲ್ಲೇ ಇಳಿದದ್ದು ನನ್ನ ಅಜಾಗರೂಕತೆ. ಯಾರ ಮೇಲೆ ಏನು ಬರೆದುಕೊಳ್ಳುತ್ತಾರೋ, ಮಗನಿಗೆ ಏನು ತೊಂದರೆಯಾಗುತ್ತದೋ ಎಂದು ಒಳಗೊಳಗೇ ಹೆದರಿದ್ದೆ. ನರ್ಸ್ ಫಾರಂ ತೆರೆದು ಕೇಳಿದ್ದು ಇಷ್ಟು: ಯಾವ ದಿನ, ಎಲ್ಲಿ, ಏನು ಮಾಡುತ್ತಿದ್ದಾಗ ಬಿದ್ದಿರಿ, ಇದೇ ಕೈಗೆ ಹಿಂದೆ ಪೆಟ್ಟಾಗಿತ್ತೇ, ನೀವು ಕೆಲಸದಲ್ಲಿದ್ದೀರಾ. ತಪ್ಪು ನನ್ನದೇ ಎಂದು ನಾನು ಹೇಳಹೋದಾಗ, ಅದು ಇಲ್ಲಿ ಬೇಕಾಗುವುದಿಲ್ಲ ಎಂದು ಆಕೆ ಮೃದುವಾಗಿ ತಡೆದರು. ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದೆ. ಅರ್ಜಿಯನ್ನು ಗಾಯಕ್ಕೆ ಪರಿಹಾರ ಕೊಡುವ ಅಲ್ಲಿನ ನಿಗಮಕ್ಕೆ ಕಳುಹಿಸುವ ಕೆಲಸ ಕ್ಲಿನಿಕ್ಕಿನವರದೇ ಆದ್ದರಿಂದ ನಾವು ಯಾವ ಕಚೇರಿಗೂ ಅಲೆಯಲಿಲ್ಲ. ಕೆಲವು ದಿನಗಳಲ್ಲಿ ಕ್ಲೇಮ್ ಒಪ್ಪಿಗೆಯಾಗಿದೆ ಎಂಬ ಸಂದೇಶ ಮಗನ ಫೋನಿಗೆ ಬಂತು.

ಆ ನಿಗಮವನ್ನು ಅಲ್ಲಿನವರು ಎಸಿಸಿ ಎನ್ನುತ್ತಾರೆ. ಅಪಘಾತ ಪರಿಹಾರ ನಿಗಮ ಎಂದರ್ಥ. ನ್ಯಾಯಮೂರ್ತಿ ಓವೆನ್ ವುಡ್‌ಹೌಸ್ ಅವರ ನೇತೃತ್ವದ ರಾಯಲ್ ಆಯೋಗವು 1967ರಲ್ಲಿ ಕೊಟ್ಟ ವರದಿಯೇ ಇದರ ಬೇರು. ಇನ್ನೊಬ್ಬನ ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡಿದವನಿಗೆ ಮಾತ್ರ ಪರಿಹಾರ ಸಿಗುವ ಪದ್ಧತಿ ಲಾಟರಿ ಇದ್ದಂತೆ, ಕೆಲಸ ಮಾಡುವವರ ಶ್ರಮದಿಂದ ಲಾಭ ಪಡೆಯುವ ಸಮಾಜವೇ ಅವರ ಗಾಯದ ಹೊಣೆಯನ್ನೂ ಹೊರಬೇಕು ಎಂಬುದು ಆ ವರದಿಯ ತಿರುಳು. 1972ರಲ್ಲಿ ಕಾನೂನಾಗಿ, 1974ರ ಏಪ್ರಿಲ್ 1ರಿಂದ ಯೋಜನೆ ಜಾರಿಗೆ ಬಂತು. ಈಗ ನಡೆಯುತ್ತಿರುವುದು 2001ರ ಕಾಯ್ದೆಯ ಪ್ರಕಾರ. ಹಣ ಬರುವುದು ಸಂಬಳದಾರರ ಮತ್ತು ಮಾಲೀಕರ ವಂತಿಗೆಯಿಂದ, ವಾಹನಗಳ ವಾರ್ಷಿಕ ಶುಲ್ಕ ಹಾಗೂ ಪೆಟ್ರೋಲಿನ ಮೇಲಿನ ಕರದಿಂದ; ದುಡಿಮೆಯಿಲ್ಲದವರ ಪಾಲನ್ನು ಸರ್ಕಾರ ತುಂಬುತ್ತದೆ. ಆದ್ದರಿಂದ ಅದನ್ನು ‘ಫ್ರೀ’ ಎನ್ನುವುದು ಸರಿಯಲ್ಲ. ಅಲ್ಲಿನ ಜನ ಇನ್ನೂ ದೊಡ್ಡದೊಂದನ್ನು ಬಿಟ್ಟುಕೊಟ್ಟಿದ್ದಾರೆ: ಯೋಜನೆಯಡಿ ಬರುವ ಗಾಯಕ್ಕಾಗಿ ತಪ್ಪು ಮಾಡಿದವರ ಮೇಲೆ ನಷ್ಟ ಪರಿಹಾರದ ದಾವೆ ಹೂಡುವ ಹಕ್ಕು ಅವರಿಗಿಲ್ಲ. ತೀರಾ ಅಪರೂಪದ ಪ್ರಕರಣಗಳಲ್ಲಿ, ದಂಡರೂಪದ ಪರಿಹಾರಕ್ಕಷ್ಟೇ ಕೋರ್ಟಿನ ಬಾಗಿಲು ತೆರೆದಿದೆ.

ಈಗ ಅರ್ಹತೆಯ ವಿಷಯ. ಅಲ್ಲಿ ವಾಸಿಸುವವರಿಗೆ ಮಾತ್ರವಲ್ಲ, ನಮ್ಮಂತೆ ನೋಡಲು ಹೋದವರಿಗೂ, ಆ ದೇಶದ ನೆಲದಲ್ಲಿ ಆದ ಗಾಯವಾದರೆ ರಕ್ಷಣೆ ಸಿಗುತ್ತದೆ. ಆದರೆ ರಕ್ಷಣೆ ಸಿಗುವುದು ಬೇರೆ, ಅದರ ಕೆಳಗೆ ಏನೇನು ಸಿಗುತ್ತದೆ ಎಂಬುದು ಬೇರೆ. ಜನ ಎಡವುವುದು ಇಲ್ಲಿಯೇ. ಮಗನ ಜತೆ ಮನೆ ಹಂಚಿಕೊಂಡಿದ್ದ ಮುಳಬಾಗಿಲಿನ ಹುಡುಗನೊಬ್ಬ ಭಾನುವಾರದ ಕ್ರಿಕೆಟ್ಟಿನಲ್ಲಿ ಓಡುವಾಗ ಹಿಮ್ಮಡಿಯ ನರ ಹರಿದುಕೊಂಡು ಎರಡು ತಿಂಗಳಿಗೂ ಹೆಚ್ಚು ಕಾಲ ಕೆಲಸಕ್ಕೆ ಹೋಗಲಾಗಲಿಲ್ಲ. ಆಟದಲ್ಲಿ ಆದ ಗಾಯ, ಯಾರೂ ತಳ್ಳಿದ್ದಲ್ಲ. ಆದರೂ ಅವನಿಗೆ ಸಂಪಾದನೆಯ ಶೇ 80ರಷ್ಟು ಹಣ ವಾರ ವಾರ ಬಂತು. ಮೊದಲ ವಾರದ್ದು ಮಾತ್ರ ಬರಲಿಲ್ಲ. ಕೆಲಸದ ಜಾಗದಲ್ಲೇ ಗಾಯವಾಗಿದ್ದರೆ ಆ ಮೊದಲ ವಾರದ ಶೇ 80ನ್ನು ಮಾಲೀಕನೇ ಕೊಡಬೇಕಾಗುತ್ತಿತ್ತು. ನಾನು ಅಲ್ಲಿ ದುಡಿಯುವವಳಲ್ಲವಾದ್ದರಿಂದ ನನಗೆ ವಾರದ ಹಣದ ಪ್ರಶ್ನೆಯೇ ಇರಲಿಲ್ಲ. ಸಿಕ್ಕಿದ್ದು ಚಿಕಿತ್ಸೆ ಮಾತ್ರ. ಅದರಲ್ಲೂ ಕ್ಲಿನಿಕ್ಕಿನ ಶುಲ್ಕದ ಒಂದು ಪಾಲನ್ನು ನಾವೇ ಕೊಟ್ಟೆವು, ಏಕೆಂದರೆ ನಿಗಮ ಕೊಡುವುದು ಬಹಳ ಸಲ ಪೂರ್ತಿ ಶುಲ್ಕವಲ್ಲ. ಊರಿಗೆ ಬಂದ ಮೇಲೆ ಮಾಡಿಸಿದ ಫಿಸಿಯೋಥೆರಪಿಯ ಖರ್ಚು ನಮ್ಮದೇ, ಏಕೆಂದರೆ ಪ್ರವಾಸಿಗರಿಗೆ ಆ ದೇಶ ಬಿಟ್ಟ ಮೇಲೆ ನಿಗಮ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಕೈ ಮುರಿದ ಕಾರಣಕ್ಕೆ ವಿಮಾನದ ಟಿಕೆಟ್ ಮುಂದೂಡಬೇಕಾಗಿ ಬಂದರೆ ಅದರ ಖರ್ಚೂ ಅವರದಲ್ಲ. ಪ್ರವಾಸಿಗರು ವಿಮಾನ ಹತ್ತುವಾಗ, ಇಳಿಯುವಾಗ ಬಿದ್ದದ್ದಕ್ಕೂ ರಕ್ಷಣೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು, ಇದು ಗಾಯದ ಯೋಜನೆಯೇ ಹೊರತು ಕಾಯಿಲೆಯ ಯೋಜನೆಯಲ್ಲ ಎಂಬುದು. ನನ್ನ ಕೈ ವಾಸಿಯಾಗುವ ಹೊತ್ತಿಗೆ ನಮ್ಮ ಯಜಮಾನರಿಗೆ ಮಂಡಿನೋವು ಶುರುವಾಯಿತು. ಮೆಟ್ಟಿಲು ಹತ್ತಿ ಇಳಿದು ಹೀಗಾಯಿತು, ಇವರದ್ದೂ ಇದರಲ್ಲೇ ಬರುತ್ತದೆ ಎಂದುಕೊಂಡು ಹೋದೆವು. ವೈದ್ಯರು ಪರೀಕ್ಷಿಸಿ, ಇದು ವಯಸ್ಸಿನಿಂದ ಸವೆದ ಮಂಡಿ, ಬಿದ್ದು ಆದ ಪೆಟ್ಟಲ್ಲ ಎಂದು ತಿಳಿಸಿದರು. ಪೂರ್ತಿಯಾಗಿ ಅಥವಾ ಬಹುಪಾಲು ವಯಸ್ಸಿನಿಂದ ಬಂದ ತೊಂದರೆಯನ್ನು ಕಾನೂನು ಹೊರಗಿಡುತ್ತದೆ. ಶುಲ್ಕವನ್ನೂ ಔಷಧದ ಹಣವನ್ನೂ ನಾವೇ ಕೊಟ್ಟೆವು. ಒಂದೇ ಮನೆಯ ಇಬ್ಬರು, ಒಂದೇ ಕ್ಲಿನಿಕ್ಕು, ಎರಡು ಬೇರೆ ಉತ್ತರ. ಹೃದಯಾಘಾತವಾದರೂ, ಸಕ್ಕರೆ ಕಾಯಿಲೆ ಏರಿದರೂ, ನ್ಯುಮೋನಿಯಾ ಬಂದರೂ ಪ್ರವಾಸಕ್ಕೆ ಹೋದವರಿಗೆ ಈ ಯೋಜನೆಯಿಂದ ಏನೂ ದೊರೆಯುವುದಿಲ್ಲ. ಆಸ್ಪತ್ರೆಯ ಬಿಲ್ಲು ಭಾರಿಯಾಗಿರುತ್ತದೆ. ಮಕ್ಕಳ ಬಾಣಂತನಕ್ಕೆಂದು ಹೊರಡುವ ನಮ್ಮ ವಯಸ್ಸಿನವರಲ್ಲಿ ನನ್ನ ವಿನಂತಿ ಇಷ್ಟೇ: ಪ್ರಯಾಣ ವಿಮೆಯನ್ನು ದಯವಿಟ್ಟು ಬಿಡಬೇಡಿ. ಮೇಲೆ ಹೇಳಿದ ದಂಪತಿ ಈಗ ವಿಮೆ ಮಾಡಿಸಿಕೊಂಡಿದ್ದಾರೆ.

ಗಾಯ ಮತ್ತು ಕಾಯಿಲೆಯ ನಡುವಿನ ಈ ಗೆರೆ ನ್ಯಾಯವೇ ಎಂಬ ಚರ್ಚೆ ಆ ದೇಶದಲ್ಲೂ ಮುಗಿದಿಲ್ಲ. ಬಿದ್ದು ನಡೆಯಲಾರದವನಾದವನಿಗೆ ವಾರದ ಹಣ, ಲಕ್ವ ಹೊಡೆದು ನಡೆಯಲಾರದವನಾದವನಿಗೆ ಸಾಮಾನ್ಯ ಪಿಂಚಣಿಯಷ್ಟೇ ಎನ್ನುವುದು ನನಗೂ ಸರಿ ಕಾಣಲಿಲ್ಲ. ಆದರೆ ಗೆರೆಯನ್ನು ಅವರು ಕೆಲವು ಕಡೆ ಹಿಗ್ಗಿಸಿದ್ದಾರೆ. ದೈಹಿಕ ಗಾಯದಿಂದ ಹುಟ್ಟಿದ ಮಾನಸಿಕ ಆಘಾತ, ಲೈಂಗಿಕ ಅಪರಾಧಕ್ಕೆ ಒಳಗಾದವರ ಮಾನಸಿಕ ಆಘಾತ, ಚಿಕಿತ್ಸೆಯಿಂದಲೇ ಆದ ಹಾನಿ ಇವೆಲ್ಲ ಒಳಗೆ ಬರುತ್ತವೆ. ಚಿಕಿತ್ಸೆಯ ಹಾನಿಯಲ್ಲಿ ವೈದ್ಯರ ತಪ್ಪನ್ನು ತೋರಿಸಬೇಕು ಎಂಬ ಷರತ್ತನ್ನು 2005ರಲ್ಲಿ ಕೈಬಿಟ್ಟರು. ಕೆಲಸದ ಜಾಗದಲ್ಲಿ ವರ್ಷಾನುಗಟ್ಟಲೆ ಧೂಳು ಕುಡಿದು ಬರುವ ಶ್ವಾಸಕೋಶದ ಕಾಯಿಲೆಯೂ, ಕೆಲಸದಿಂದಲೇ ಬಂದದ್ದೆಂದು ತಿಳಿದರೆ, ಅಲ್ಲಿ ಗಾಯವೆಂದೇ ಲೆಕ್ಕ. ಅದನ್ನು ಓದುವಾಗ ನನಗೆ ಕೆಜಿಎಫ್‌ನ ನೆನಪಾಯಿತು. 2001ರಲ್ಲಿ ಗಣಿ ಮುಚ್ಚಿತು. ಗಣಿಯ ಧೂಳು ಎದೆಯಲ್ಲಿ ಉಳಿದವರ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ, ರಾತ್ರಿಯಿಡೀ ಅಪ್ಪನ ಕೆಮ್ಮು ಕೇಳಿ ನಿದ್ದೆಗೆಟ್ಟು ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗಿಯನ್ನು ಗದರಿದ್ದಕ್ಕೆ ಇಂದಿಗೂ ಪಶ್ಚಾತ್ತಾಪ ಪಡುತ್ತೇನೆ. ಧೂಳಿನಿಂದ ಬರುವ ಆ ಶ್ವಾಸಕೋಶದ ಕಾಯಿಲೆ, ಸಿಲಿಕೋಸಿಸ್, ನಮ್ಮ ಕಾನೂನಿನಲ್ಲೂ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಯೇ.

ಹೌದು, ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ತತ್ವ ನಮಗೆ ಹೊಸದಲ್ಲ. ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ರಸ್ತೆ ಅಪಘಾತಕ್ಕೂ ಅಂಥ ಅವಕಾಶ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಇದೆ. ಇರುವುದು ನಮ್ಮವರಿಗೆ ಗೊತ್ತಿಲ್ಲ, ಗೊತ್ತಿರುವವರು ಹೇಳುವುದಿಲ್ಲ. ನಾನು ಮುಂದೆ ಹೇಳುತ್ತೇನೆ ಎಂದ ಎರಡನೆಯ ಕಾರಣ ಇದೇ.

ಮುಳಬಾಗಿಲು ರಸ್ತೆಯ ಪಕ್ಕದ ಹಳ್ಳಿಯೊಂದರಲ್ಲಿ ನನ್ನ ತವರಿನವರಿದ್ದಾರೆ. ಅವರ ನೆರೆಮನೆಯಾತ ಎರಡು ಸೀಮೆ ಹಸು ಕಟ್ಟಿ ಡೈರಿಗೆ ಹಾಲು ಹಾಕಿ ಬದುಕುವವರು. ಆಷಾಢದ ಒಂದು ಬೆಳಿಗ್ಗೆ, ಇನ್ನೂ ಮಬ್ಬುಗತ್ತಲು ಇರುವಾಗ, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ರಸ್ತೆ ದಾಟುತ್ತಿದ್ದ ಅವರಿಗೆ ಯಾವುದೋ ಸರಕಿನ ಗಾಡಿ ಗುದ್ದಿ ನಿಲ್ಲದೆ ಹೋಯಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಕರೆದೊಯ್ದ ಖಾಸಗಿ ಆಸ್ಪತ್ರೆಯಲ್ಲಿ ಮೊದಲು ನಲವತ್ತು ಸಾವಿರ ಕಟ್ಟಿ ಎಂದರಂತೆ. ಅಷ್ಟು ಹಣ ಇಲ್ಲದೆ, ಅಲ್ಲಿಂದ ಎತ್ತಿಕೊಂಡು ಹೋಗಿ ನಾಟಿ ವೈದ್ಯರಲ್ಲಿ ಪುತ್ತೂರು ಕಟ್ಟು ಹಾಕಿಸಿದರು. ಪೊಲೀಸ್ ದೂರು ಕೊಟ್ಟದ್ದು ನಾಲ್ಕು ದಿನ ಕಳೆದು. ಠಾಣೆಯವರು ಎಫ್‌ಐಆರ್ ಮಾಡಿದರು, ಗಾಡಿ ಸಿಗಲಿಲ್ಲ, ಕೊನೆಗೆ ಸಿ ರಿಪೋರ್ಟ್, ಅಂದರೆ ಪತ್ತೆಯಾಗದ ಪ್ರಕರಣವೆಂಬ ವರದಿ, ಹಾಕಿದರು. ಅಲ್ಲಿಗೆ ಎಲ್ಲ ಮುಗಿಯಿತೆಂದೇ ಆ ಮನೆಯವರು ತಿಳಿದಿದ್ದರು.

ನಾನು ನೋಡಲು ಹೋದಾಗ ನಗ್ಗಿದ ಹಾಲಿನ ಕ್ಯಾನು ಜಗುಲಿಯ ಮೂಲೆಯಲ್ಲಿತ್ತು. ಒಂದು ಹಸುವನ್ನು ಮಾರಿಯಾಗಿತ್ತು. ಅವರ ಹೆಂಡತಿ ಬ್ಯಾಂಕಿನ ಪಾಸ್‌ಬುಕ್ ತಂದು ತೋರಿಸಿ, “ಟೀಚರಮ್ಮ, ವರ್ಷ ವರ್ಷಾ ಇಪ್ಪತ್ತು ರೂಪಾಯಿ ಹಿಡ್ಕೋತಾರೆ, ಅದ್ರಲ್ಲಿ ಏನಾದ್ರೂ ಬರುತ್ತಾ ನೋಡಿ” ಎಂದರು. ಮೇ ಕೊನೆಯ ತಾರೀಖಿನ ಎದುರು 20 ರೂಪಾಯಿಯ ಕಡಿತ ಇತ್ತು: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70 ವರ್ಷದೊಳಗಿನ ಖಾತೆದಾರರು ಅಪಘಾತದಲ್ಲಿ ತೀರಿಕೊಂಡರೆ ಅಥವಾ ಎರಡೂ ಕಣ್ಣು, ಎರಡೂ ಕೈ ಅಥವಾ ಕಾಲುಗಳನ್ನು ಕಳೆದುಕೊಂಡರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ, ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ ಅದರಲ್ಲಿದೆ. ಮೂಳೆ ಮುರಿದು ಕೂಡಿಕೊಳ್ಳುವ ಗಾಯಕ್ಕೆ ಅದರಲ್ಲಿ ಏನೂ ಇಲ್ಲ. ಆಸೆಯಿಂದ ನಿಂತಿದ್ದ ಆಕೆಗೆ ಅದನ್ನು ಹೇಳುವುದು ನನಗೆ ಕಷ್ಟವಾಯಿತು. ಆಕೆ ಕೇಳಿದ ಯೋಜನೆಯಲ್ಲಿ ಅವರಿಗೆ ಹಕ್ಕಿರಲಿಲ್ಲ. ಹಕ್ಕಿದ್ದ ಯೋಜನೆಯ ಹೆಸರನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ, ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಪರಿಹಾರವಿದೆ. ಮೊದಲು ಅದು 25,000 ಮತ್ತು 12,500 ಆಗಿತ್ತು. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಗಾಯವೇ. ಅರ್ಜಿಯನ್ನು ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಗೆ ಕೊಡಬೇಕು, ಮಂಜೂರಾತಿ ಜಿಲ್ಲಾಧಿಕಾರಿಯವರದು. ಇಷ್ಟೇ ಅಲ್ಲ: ಒಂದು ತಿಂಗಳಾದರೂ ಗಾಡಿಯ ವಿವರ ಸಿಗದಿದ್ದರೆ, ಈ ಯೋಜನೆಯಡಿ ಪರಿಹಾರ ಕೇಳಬಹುದೆಂದು ಠಾಣಾಧಿಕಾರಿಯು ಗಾಯಾಳುವಿಗೆ ಅಥವಾ ವಾರಸುದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿ 12ರಂದು ನಿರ್ದೇಶಿಸಿದೆ. ಆ ಮನೆಗೆ ಅಂಥ ಕಾಗದ ಬಂದಿಲ್ಲ. ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿ ಒಂದೊಂದನ್ನೇ ನಾನು ಓದಿ ನೋಡಿದ್ದೇನೆ.

ಗಾಡಿ ಯಾವುದೆಂದು ಗೊತ್ತಿದ್ದರೆ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಂತೆ, ಚಾಲಕನ ತಪ್ಪನ್ನು ಸಾಬೀತುಪಡಿಸುವ ಹೊಣೆಯಿಲ್ಲದೆಯೇ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷವನ್ನು ವಾಹನದ ಮಾಲೀಕ ಅಥವಾ ವಿಮಾ ಕಂಪನಿ ಕೊಡಬೇಕು. ತಪ್ಪನ್ನು ತೋರಿಸಿ ಹೆಚ್ಚಿನ ಪರಿಹಾರ ಕೇಳುವವರಿಗೆ 166ನೇ ಕಲಮಿದೆ. ಆದರೆ ಮೊದಲನೆಯ ದಾರಿಯ ಹಣವನ್ನು ಒಪ್ಪಿಕೊಂಡರೆ, ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಹಾಕಿದ ಅರ್ಜಿ ಬಿದ್ದುಹೋಗುತ್ತದೆ. ದುಡಿಯುವ ವಯಸ್ಸಿನವರು ತೀರಿಕೊಂಡ ಮನೆಗಳಲ್ಲಿ ಇದನ್ನು ತಿಳಿಯದೆ ಸಹಿ ಹಾಕಬಾರದು. ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಮಿತಿಯನ್ನೂ ತಿದ್ದುಪಡಿಯಲ್ಲಿ ತಂದಿದ್ದಾರೆ. ಈ ಮಿತಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆಯಾದರೂ, ತಿಥಿ, ಮಾಸಿಕ ಎಂದು ದಿನ ಕಳೆಯುವ ಮನೆಯವರು ಅದನ್ನು ನೆಚ್ಚಿ ಕೂರುವುದು ಸರಿಯಲ್ಲ. ತಮ್ಮದೇ ಬೈಕಿನಿಂದ ತಾವೇ ಬಿದ್ದವರು, ಡ್ರೈವಿಂಗ್ ಲೈಸೆನ್ಸ್ ಇದ್ದರೆ, ವಿಮಾ ಪತ್ರದಲ್ಲಿ ಮಾಲೀಕ ಚಾಲಕರ 15 ಲಕ್ಷದ ಅಪಘಾತ ರಕ್ಷಣೆಗೆ ಹಣ ಕಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು. ಇನ್ನು 2025ರ ಮೇ 5ರಂದು ಅಧಿಸೂಚನೆಯಾದ ನಗದುರಹಿತ ಚಿಕಿತ್ಸೆಯ ಯೋಜನೆಯಂತೆ, ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಅಪಘಾತವಾದರೂ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶವಿದೆ. ನಲವತ್ತು ಸಾವಿರಕ್ಕೆ ಹೆದರಿ ಮುರಿದ ಕಾಲನ್ನು ಆಸ್ಪತ್ರೆಯಿಂದ ಎತ್ತಿಕೊಂಡು ಹೋದ ಆ ಕುಟುಂಬಕ್ಕೆ ಈ ಒಂದು ಮಾತು ಆ ಬೆಳಿಗ್ಗೆ ಗೊತ್ತಿದ್ದಿದ್ದರೆ ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ನ್ಯೂಜಿಲೆಂಡಿನಷ್ಟು ಹಣ ನಮ್ಮಲ್ಲಿ ಇಲ್ಲ, ಆ ಯೋಜನೆಯನ್ನೇ ಇಲ್ಲಿ ತನ್ನಿ ಎಂದು ನಾನು ಕೇಳುತ್ತಿಲ್ಲ. ನಾನು ಅಲ್ಲಿ ಕಂಡು ಮೆಚ್ಚಿದ್ದು ಹಣವನ್ನಲ್ಲ. ಗಾಯಾಳುವನ್ನು ಮೊದಲು ಮುಟ್ಟುವ ವೈದ್ಯರೇ ಅರ್ಜಿಯನ್ನು ಹೊರಡಿಸುತ್ತಾರೆ. ಸಾಮಾನ್ಯ ಅರ್ಜಿಯಾದರೆ 21 ದಿನದೊಳಗೆ ನಿಗಮ ತೀರ್ಮಾನ ಹೇಳಬೇಕು. ಕಾನೂನು ಹಾಕಿದ ಅವಧಿಯಲ್ಲಿ ಏನೂ ಹೇಳದಿದ್ದರೆ ರಕ್ಷಣೆ ಒಪ್ಪಿಗೆಯಾಯಿತೆಂದೇ ಲೆಕ್ಕ. ಇಲ್ಲವೆಂದರೆ ಏಕೆ ಇಲ್ಲ ಎಂದು ತಿಳಿಸಬೇಕು; ಒಪ್ಪದವರು ಮೂರು ತಿಂಗಳೊಳಗೆ ಪುನರ್‌ಪರಿಶೀಲನೆ ಕೇಳಬಹುದು, ಅಲ್ಲಿಂದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಇಲ್ಲಿ ಇದೆಲ್ಲ ತಲೆಕೆಳಗು. ಯಾವ ಯೋಜನೆ, ಯಾವ ಕಚೇರಿ, ಯಾವ ಫಾರಂ ಎಂದು ಹುಡುಕಬೇಕಾದವರು ಕಾಲು ಮುರಿದು ಮಲಗಿದವರು, ಗಂಡನನ್ನು ಕಳೆದುಕೊಂಡವರು. ಆ ಗೊತ್ತಿಲ್ಲದ ಜಾಗದಲ್ಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಮಧ್ಯವರ್ತಿಗಳು ಬಂದು ಕೂರುತ್ತಾರೆ.

ಆದ್ದರಿಂದ ಜಿಲ್ಲಾಡಳಿತದಲ್ಲಿ ನನ್ನ ಕೋರಿಕೆ ಚಿಕ್ಕದು. ಅಪಘಾತದ ಗಾಯಾಳು ಬಂದು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಗುವ ಪ್ರತಿಯೊಂದು ಆಸ್ಪತ್ರೆಯಲ್ಲಿ, ಎಫ್‌ಐಆರ್ ಪ್ರತಿ ಕೊಡುವ ಪ್ರತಿಯೊಂದು ಠಾಣೆಯಲ್ಲಿ, ಒಂದು ಪುಟದ ಕಾಗದವನ್ನು ಕನ್ನಡದಲ್ಲಿ, ನಮ್ಮ ಗಡಿ ತಾಲ್ಲೂಕುಗಳಲ್ಲಿ ತೆಲುಗಿನಲ್ಲೂ ಅಚ್ಚು ಹಾಕಿಸಿ ಮನೆಯವರ ಕೈಗೆ ಕೊಡಬೇಕು. ಗಾಡಿ ಗೊತ್ತಿದ್ದರೆ ಎಲ್ಲಿಗೆ, ಗೊತ್ತಿಲ್ಲದಿದ್ದರೆ ಎಲ್ಲಿಗೆ, ಎಷ್ಟು ದಿನದೊಳಗೆ, ಯಾವ ಕಾಗದ ಇಟ್ಟುಕೊಳ್ಳಬೇಕು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಹೇಗೆ ಪಡೆಯಬೇಕು ಎಂಬ ಐದು ಸಂಗತಿ ಅದರಲ್ಲಿದ್ದರೆ ಸಾಕು. ಓದಲು ಬಾರದವರಿಗೆ ಓದಿ ಹೇಳಿದ್ದೇವೆ ಎಂದು ಕೊಟ್ಟವರು ಕೆಳಗೆ ಸಹಿ ಹಾಕಬೇಕು. ತಾವೂ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ವಿವರಗಳನ್ನು ಒಮ್ಮೆ ಚೌಕಟ್ಟಿನಲ್ಲಿ ಪ್ರಕಟಿಸಿದರೆ, ಕತ್ತರಿಸಿ ಪಡಿತರ ಚೀಟಿಯ ಜತೆ ಇಟ್ಟುಕೊಳ್ಳುವವರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ.

ಹೋದ ಸೋಮವಾರ, ಕಾಲು ಮುರಿದುಕೊಂಡ ಆ ಹಾಲಿನವರ ಹೆಂಡತಿಯೂ ನಾನೂ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಂಡು ಬಂದೆವು. ಕಟ್ಟು ಹಾಕಿದ ಕಡೆ ಎಕ್ಸ್‌ರೇ ತೆಗೆದಿಲ್ಲವಾದ್ದರಿಂದ ಮೂಳೆ ಮುರಿತಕ್ಕೆ ದಾಖಲೆ ಬೇಕೆಂದು ಗುಮಾಸ್ತರು ಹೇಳಿದ್ದಾರೆ. ಮೊದಲ ಆಸ್ಪತ್ರೆಯ ಹೊರರೋಗಿ ಚೀಟಿ ಸಿಕ್ಕಿದೆ. ಎಕ್ಸ್‌ರೇ ಬರೆದದ್ದು ಅದರಲ್ಲಿದೆ, ಆದರೆ ಫಿಲಂ ಇನ್ನೂ ಸಿಕ್ಕಿಲ್ಲ. ಅದನ್ನು ಕೇಳಲು ನಾಳೆ ಮತ್ತೆ ಹೋಗುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕೋಲಾರ